ಸೇವ್ ಆದ ಲೆಕ್ಕ ಎಲ್ಲಿ ಹೋಯಿತು?

2020ರ ಅಕ್ಟೋಬರ್ 12, ಸೋಮವಾರ. ಮುಂಬಯಿಯಲ್ಲಿದ್ದವರು ಆ ದಿನವನ್ನು ಮರೆತಿರಲಾರರು. ಬೆಳಿಗ್ಗೆ ಹತ್ತರ ಸುಮಾರಿಗೆ ಮಹಾನಗರದ ಬಹುಭಾಗಕ್ಕೆ, ಠಾಣೆ, ನವಿಮುಂಬಯಿಗೂ ಸೇರಿಸಿ, ಒಮ್ಮೆಲೇ ಕರೆಂಟು ಹೋಯಿತು. ಲೋಕಲ್ ರೈಲುಗಳು ಹಳಿಯ ಮೇಲೆಯೇ ನಿಂತವು. ಮನೆಯಿಂದ ಕೆಲಸ ಮಾಡುತ್ತಿದ್ದ ನಮ್ಮಂಥವರು ಮೊಬೈಲ್ ಹಿಡಿದುಕೊಂಡು ಬಾಲ್ಕನಿಗೆ ಬಂದೆವು. "ಊರಲ್ಲಿ ಕರೆಂಟು ಹೋಗುವುದು ಮಾಮೂಲು, ಮುಂಬಯಿಯಲ್ಲಿ ಹಾಗಿಲ್ಲ" ಎಂದು ಊರಿಗೆ ಹೋದಾಗಲೆಲ್ಲ ಜಂಬ ಕೊಚ್ಚಿಕೊಳ್ಳುವವರ ಬಾಯಿ ಅಂದು ಕಟ್ಟಿತ್ತು.

ಆ ಹೊತ್ತಿಗೆ ಮಾಟುಂಗಾದಲ್ಲಿರುವ ನನ್ನ ಮಾವನ ಸಣ್ಣ ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಗಡಿಬಿಡಿ. ಲಾಕ್‌ಡೌನ್ ಮುಗಿದು, ಅರ್ಧದಷ್ಟು ಗಿರಾಕಿಗಳನ್ನು ಕೂರಿಸಿಕೊಳ್ಳಬಹುದೆಂದು ಸರಕಾರ ಅಪ್ಪಣೆ ಕೊಟ್ಟದ್ದು ಅಕ್ಟೋಬರ್ 5ಕ್ಕೆ. ಅಂದರೆ ಹೋಟೆಲು ಬಾಗಿಲು ತೆರೆದು ಒಂದೇ ವಾರ ಆಗಿತ್ತು. ಗಲ್ಲೆಯಲ್ಲಿ ಕೂರುವ ಹುಡುಗ ಕುಂದಾಪುರದ ಕಡೆಯವನು. ಆರು ತಿಂಗಳು ಊರಲ್ಲಿ ಕೆಲಸವಿಲ್ಲದೆ ಕೂತು ಆಗಷ್ಟೇ ಮರಳಿದ್ದ. ಕರೆಂಟು ಹೋಯಿತು, ಬಿಲ್ಲಿನ ಕಂಪ್ಯೂಟರ್ ಆರಿತು. ಯುಪಿಎಸ್ ಇತ್ತು, ಆದರೆ ಮುಚ್ಚಿದ ಹೋಟೆಲಿನಲ್ಲಿ ಅದರ ಬ್ಯಾಟರಿ ಸತ್ತಿತ್ತು. ಹುಡುಗ ಕಾಗದದ ಮೇಲೆ ಬಿಲ್ ಬರೆದು ದಿನ ದೂಡಿದ. ಕರೆಂಟು ಬಂದ ಮೇಲೆ ಕಂಪ್ಯೂಟರ್ ಸರಿಯಾಗಿಯೇ ಶುರುವಾಯಿತು. ಎಲ್ಲರೂ ಮರೆತರು.

ತಿಂಗಳ ಕೊನೆಗೆ ಮಾವ ಉದ್ರಿ ಲೆಕ್ಕ ನೋಡಿದರು. ಲಾಕ್‌ಡೌನಿಗೆ ಮೊದಲಿನ 1,840 ರೂಪಾಯಿ ಬಾಕಿ ಒಬ್ಬ ಹಳೆಯ ಗಿರಾಕಿಯ ಹೆಸರಿನಲ್ಲಿತ್ತು. ಫೋನು ಮಾಡಿದರೆ ಅವರು, "ಕೊಟ್ಟಾಯಿತಲ್ಲ, ಕರೆಂಟು ಹೋದ ದಿನವೇ ನಗದು ಕೊಟ್ಟಿದ್ದೇನೆ" ಎಂದರು. ಹುಡುಗ, "ಹೌದು, ನಾನು ಜಮೆ ಮಾಡಿದ್ದೇನೆ, ಸೇವ್ ಆಯ್ತು ಅಂತಲೂ ಬಂತು" ಎಂದ. ಕಂಪ್ಯೂಟರಿನಲ್ಲಿ ಜಮೆ ಇಲ್ಲ. ಆ ದಿನದ ನಗದು ಕೈಬರಹದ ಚೀಟಿಗಳ ಜೊತೆ ಬೆರೆತು ಹೋಗಿದ್ದರಿಂದ ತಾಳೆ ನೋಡುವ ಹಾಗೂ ಇಲ್ಲ. ಮಾವ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಮರುದಿನದಿಂದ ಗಲ್ಲೆಯಲ್ಲಿ ತಾವೇ ಕೂತರು. ಹುಡುಗನನ್ನು ಪಾರ್ಸೆಲ್ ಕಟ್ಟಲು ನಿಲ್ಲಿಸಿದರು. ಹೋಟೆಲಿನಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು.

ನನಗೆ ಫೋನು ಬಂದದ್ದು ಆಗ. ಏಕೆಂದರೆ ಆ ಬಿಲ್ಲಿಂಗ್ ಪ್ರೋಗ್ರಾಮನ್ನು ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಬರೆದುಕೊಟ್ಟವನು ನಾನೇ. "ಸೇವ್ ಆಯ್ತು ಅಂತ ನಿನ್ನ ಕಂಪ್ಯೂಟರೇ ಹೇಳಿದ್ದಂತೆ ಮಾರಾಯ. ಹಾಗಾದರೆ ಅದು ಹೋದದ್ದೆಲ್ಲಿಗೆ?" ಎಂದರು ಮಾವ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಕಂಪ್ಯೂಟರಿನ ಒಳಗಿನ ಒಂದು ವ್ಯವಹಾರವನ್ನು ವಿವರಿಸಬೇಕು.

ಯಾವುದೇ ಪ್ರೋಗ್ರಾಮ್ ನೇರವಾಗಿ ಡಿಸ್ಕಿನ ಮೇಲೆ ಬರೆಯುವುದಿಲ್ಲ. ಅದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್‌ಗೆ "ಇದನ್ನು ಈ ಫೈಲಿನಲ್ಲಿ ಬರೆ" ಎಂದು ಹೇಳುತ್ತದೆ. ಕರ್ನೆಲ್ ಆ ಅಕ್ಷರಗಳನ್ನು ಮೆಮೊರಿಯಲ್ಲಿ, ಅಂದರೆ ರ್‍ಯಾಮ್‌ನಲ್ಲಿ, ಪೇಜ್ ಕ್ಯಾಶ್ ಎಂಬ ಜಾಗಕ್ಕೆ ನಕಲು ಮಾಡಿಕೊಂಡು, "ಆಯಿತು" ಎಂದು ಕೂಡಲೇ ಉತ್ತರ ಕೊಡುತ್ತದೆ. ಈ ಜಾಗ ಸಾಮಾನ್ಯವಾಗಿ 4,096 ಬೈಟುಗಳ ಪುಟಗಳಾಗಿ ವಿಂಗಡವಾಗಿರುತ್ತದೆ. ಮೆಮೊರಿಯಲ್ಲಿ ಬದಲಾಗಿ ಡಿಸ್ಕಿಗೆ ಇನ್ನೂ ಹೋಗದಿರುವ ಪುಟಕ್ಕೆ 'ಡರ್ಟಿ' ಎಂದು ಗುರುತು ಬೀಳುತ್ತದೆ. ಕೊಳೆಯಾಗಿದೆ ಎಂದಲ್ಲ, ಡಿಸ್ಕಿನ ಲೆಕ್ಕದ ಜೊತೆ ಇನ್ನೂ ತಾಳೆಯಾಗಿಲ್ಲ ಎಂದು.

ಹೀಗೇಕೆ? ವೇಗಕ್ಕಾಗಿ. ರ್‍ಯಾಮ್‌ನಲ್ಲಿ ಒಂದು ಸಂಗತಿಯನ್ನು ಇಡಲು ಬೇಕಾಗುವುದು ಒಂದು ಸೆಕೆಂಡಿನ ಕೋಟಿಯ ಒಂದು ಭಾಗದ ಆಸುಪಾಸು. ತಿರುಗುವ ಹಾರ್ಡ್ ಡಿಸ್ಕ್ ಸರಿಯಾದ ಜಾಗ ಹುಡುಕಿ ಬರೆಯಲು ಸೆಕೆಂಡಿನ ನೂರರಲ್ಲೊಂದು ಭಾಗ ತೆಗೆದುಕೊಳ್ಳಬಹುದು. ಒಂದಕ್ಕೊಂದು ಲಕ್ಷಪಟ್ಟು ಅಂತರ. ಎಸ್‌ಎಸ್‌ಡಿ ಬಂದ ಮೇಲೆ ಅಂತರ ಕಡಿಮೆಯಾಯಿತು, ಇಲ್ಲವಾಗಲಿಲ್ಲ. ಇನ್ನೊಂದು ಲಾಭವೂ ಇದೆ: ಒಂದೇ ಪುಟ ಐವತ್ತು ಸಲ ಬದಲಾದರೆ ಕೊನೆಯದನ್ನು ಒಂದು ಸಲ ಬರೆದರೆ ಸಾಕು. ಒಬ್ಬ ಪ್ರಯಾಣಿಕ ಪ್ಲಾಟ್‌ಫಾರ್ಮಿಗೆ ಬಂದನೆಂದು ಯಾರೂ ಲೋಕಲ್ ಬಿಡುವುದಿಲ್ಲವಲ್ಲ, ಹಾಗೆ.

ಹಾಗಾದರೆ ಈ ಪುಟಗಳು ಡಿಸ್ಕಿಗೆ ಹೋಗುವುದು ಯಾವಾಗ? ಲಿನಕ್ಸ್ ಕರ್ನೆಲ್‌ನೊಳಗೆ ಇದಕ್ಕೆಂದೇ ಹಿನ್ನೆಲೆಯಲ್ಲಿ ಓಡುವ ಕೆಲಸಗಾರರಿದ್ದಾರೆ, ಫ್ಲಶರ್‌ಗಳು. ಮೂಲ ಕರ್ನೆಲ್‌ನ ಸಾಮಾನ್ಯ ಸೆಟ್ಟಿಂಗಿನಲ್ಲಿ ಪ್ರತಿ 5 ಸೆಕೆಂಡಿಗೊಮ್ಮೆ ಇವರು ಎದ್ದು ನೋಡುತ್ತಾರೆ. ಡರ್ಟಿಯಾಗಿ 30 ಸೆಕೆಂಡು ದಾಟಿದ ಪುಟಗಳನ್ನು ಡಿಸ್ಕಿಗೆ ಕಳಿಸುತ್ತಾರೆ. ಇದು ಸಮಯದ ನಿಯಮ. ಎರಡನೆಯದು ಪ್ರಮಾಣದ ನಿಯಮ: ಬಳಕೆಗೆ ಸಿಗುವ ಮೆಮೊರಿಯ ಶೇಕಡಾ 10ರಷ್ಟು ಡರ್ಟಿಯಾದರೆ ಸಮಯಕ್ಕೆ ಕಾಯದೆ ಬರೆಯಲು ಶುರು. ಶೇಕಡಾ 20ರ ಮಿತಿಯನ್ನು ಸಮೀಪಿಸುತ್ತಿದ್ದಂತೆ ಬರೆಯುತ್ತಿರುವ ಪ್ರೋಗ್ರಾಮನ್ನೇ ತಡೆದು, "ನೀನು ಸ್ವಲ್ಪ ನಿಲ್ಲು" ಎನ್ನುತ್ತದೆ ಕರ್ನೆಲ್. ದೊಡ್ಡ ಸಿನಿಮಾ ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡುವಾಗ ಮೊದಲು ಸರ್ರನೆ ಓಡಿ ಆಮೇಲೆ ತೆವಳುವುದನ್ನು ನೋಡಿದ್ದೀರಲ್ಲ? ಅದರ ಹಿಂದೆ ಹೆಚ್ಚಾಗಿ ಇರುವುದು ಇದೇ. ಮೂರನೆಯದು, ಪ್ರೋಗ್ರಾಮ್ ತಾನಾಗಿ ಕೇಳಿಕೊಂಡಾಗ. ನಮ್ಮ ಕತೆ ನಿಂತಿರುವುದು ಈ ಮೂರನೆಯದರ ಮೇಲೆ.

ಈ 30 ಸೆಕೆಂಡು ಹೊಸದಲ್ಲ. ಹಳೆಯ ಯುನಿಕ್ಸ್ ಯಂತ್ರಗಳಲ್ಲಿ 'ಅಪ್‌ಡೇಟ್' ಎಂಬ ಪುಟ್ಟ ಪ್ರೋಗ್ರಾಮ್ 30 ಸೆಕೆಂಡಿಗೊಮ್ಮೆ ಎದ್ದು ಎಲ್ಲವನ್ನೂ ಡಿಸ್ಕಿಗೆ ತಳ್ಳುತ್ತಿತ್ತು. ಲಿನಕ್ಸ್‌ನಲ್ಲಿ ಆ ಕೆಲಸ ಮೊದಲು ಬಿಡಿಫ್ಲಶ್, ಆಮೇಲೆ ಪಿಡಿಫ್ಲಶ್ ಎಂಬವರ ಕೈಯಲ್ಲಿತ್ತು. ಪಿಡಿಫ್ಲಶ್ ಎಲ್ಲ ಡಿಸ್ಕುಗಳಿಗೂ ಸೇರಿ ಇದ್ದ ಒಂದು ತಂಡ. ನಿಧಾನದ ಡಿಸ್ಕೊಂದರ ಮುಂದೆ ಸಿಕ್ಕಿಕೊಂಡರೆ ವೇಗದ ಡಿಸ್ಕುಗಳ ಕೆಲಸವೂ ಕುಂಟುತ್ತಿತ್ತು. 2009ರಲ್ಲಿ ಬಂದ 2.6.32 ಆವೃತ್ತಿಯಲ್ಲಿ ಜೆನ್ಸ್ ಆಕ್ಸ್‌ಬೋ ಪ್ರತಿಯೊಂದು ಡಿಸ್ಕಿಗೂ ಪ್ರತ್ಯೇಕ ಫ್ಲಶರ್ ಇರುವ ವ್ಯವಸ್ಥೆ ತಂದರು.

ಈಗ ಮಾವನ ಪ್ರಶ್ನೆಗೆ ಬರೋಣ. ಹುಡುಗ 1,840 ರೂಪಾಯಿ ಜಮೆ ಮಾಡಿ ಬಟನ್ ಒತ್ತಿದ. ನನ್ನ ಪ್ರೋಗ್ರಾಮ್ ಒಂದು ಸಾಲನ್ನು ಫೈಲಿಗೆ ಸೇರಿಸಿ, ಫೈಲನ್ನು ಮುಚ್ಚಿ, ಪರದೆಯ ಮೇಲೆ 'ಸೇವ್ ಆಯಿತು' ಎಂದು ತೋರಿಸಿತು. ಫೈಲ್ ಮುಚ್ಚಿದರೆ ಡಿಸ್ಕಿಗೆ ಹೋಯಿತು ಎಂದು ಅನೇಕ ಪ್ರೋಗ್ರಾಮರುಗಳು ನಂಬಿದ್ದಾರೆ. ಹಾಗೇನೂ ಇಲ್ಲ. ಆ ಸಾಲು ರ್‍ಯಾಮ್‌ನಲ್ಲಿ ತನ್ನ 30 ಸೆಕೆಂಡು ಎಣಿಸುತ್ತಾ ಕೂತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು, ರ್‍ಯಾಮ್‌ನಲ್ಲಿದ್ದದ್ದು ಆವಿಯಾಯಿತು.

"ಪ್ರೋಗ್ರಾಮ್ ಕೊಡುವ ಮೊದಲು ಪರೀಕ್ಷೆ ಮಾಡಲಿಲ್ಲವೇ?" ಎಂದು ಓದುಗರು ಕೇಳಬಹುದು. ಮಾಡಿದ್ದೆ. ಪ್ರೋಗ್ರಾಮನ್ನು ಮಧ್ಯದಲ್ಲೇ ಹತ್ತಾರು ಸಲ ಕೊಂದು ನೋಡಿದ್ದೆ. ಒಂದು ಸಾಲೂ ಕಳೆದಿರಲಿಲ್ಲ. ಕಳೆಯುವುದೂ ಇಲ್ಲ. ಪ್ರೋಗ್ರಾಮ್ ಸತ್ತರೂ ಪುಟಗಳು ಕರ್ನೆಲ್‌ನ ಕೈಯಲ್ಲಿ ಸುರಕ್ಷಿತವಾಗಿರುತ್ತವೆ, ಅದು ತನ್ನ ಸಮಯಕ್ಕೆ ಬರೆದೇ ಬರೆಯುತ್ತದೆ. ಕಳೆಯುವುದು ಕರ್ನೆಲೇ ಸತ್ತಾಗ, ಇಲ್ಲವೇ ಕರೆಂಟು ಹೋದಾಗ. ಪ್ಲಗ್ಗು ಕಿತ್ತು ನೋಡುವ ಪರೀಕ್ಷೆಯನ್ನು ನಾನು ಮಾಡಿರಲಿಲ್ಲ. ಮುಂಬಯಿಯಲ್ಲಿ ಕರೆಂಟು ಹೋಗುವುದಿಲ್ಲವಲ್ಲ!

ಫೈಲ್ ಸಿಸ್ಟಮ್ಮಿಗೆ ಜರ್ನಲ್ ಇದೆ, ಅದು ಕಾಪಾಡುತ್ತದೆ ಎನ್ನುವವರೂ ಇದ್ದಾರೆ. ಎಕ್ಸ್‌ಟಿ4 ಫೈಲ್ ಸಿಸ್ಟಮ್‌ನ ಜರ್ನಲ್ ಸಾಮಾನ್ಯ ಸೆಟ್ಟಿಂಗಿನಲ್ಲಿ ಕಾಯುವುದು ಫೈಲುಗಳ ವ್ಯವಸ್ಥೆಯನ್ನು: ಯಾವ ಫೈಲ್ ಎಲ್ಲಿದೆ, ಎಷ್ಟು ಉದ್ದ ಇದೆ ಎಂಬುದನ್ನು. ಒಳಗಿನ ನಮ್ಮ ಸಾಲುಗಳಿಗೆ ಅದು ಜಾಮೀನಲ್ಲ. ಆದ್ದರಿಂದಲೇ ಕರೆಂಟು ಬಂದಾಗ ಕಂಪ್ಯೂಟರ್ ಏನೂ ಆಗದವರಂತೆ ಶುರುವಾಯಿತು. ಫೈಲ್ ಸರಿಯಾಗಿಯೇ ಇತ್ತು, ಅರ್ಧ ನಿಮಿಷ ಹಳೆಯದಾಗಿತ್ತು, ಅಷ್ಟೆ.

ಇದೆಲ್ಲ ನನ್ನ ಊಹೆಯಾಗಿ ಉಳಿಯಬಹುದಿತ್ತು. ಆದರೆ ಆ ಗಿರಾಕಿ ಎರಡು ದಿನ ಬಿಟ್ಟು ತಮ್ಮ ಪಾಕೀಟಿನಿಂದ ಮಡಚಿದ ಒಂದು ಚೀಟಿ ತೆಗೆದುಕೊಟ್ಟರು. ನಮ್ಮದೇ ಪ್ರಿಂಟರಿನದ್ದು. ನಂಬರು 47, ಉದ್ರಿ ಜಮೆ, 1,840. ಸಮಯ ಕರೆಂಟು ಹೋಗುವುದಕ್ಕೆ ಸ್ವಲ್ಪವೇ ಮೊದಲಿನದು. ಕಂಪ್ಯೂಟರಿನಲ್ಲಿ ಹುಡುಕಿದರೆ 47ನೇ ನಂಬರು ಇತ್ತು, ಆದರೆ ಅದು ಕರೆಂಟು ಬಂದ ಮೇಲಿನ ಮೊದಲ ಬಿಲ್ಲು: ಎರಡು ಪ್ಲೇಟ್ ಇಡ್ಲಿ ವಡೆ. ಒಂದೇ ನಂಬರಿನ ಎರಡು ಚೀಟಿ. ಪ್ರಿಂಟರು ಕಾಗದದ ಮೇಲೆ ಕೊಟ್ಟ ಮಾತನ್ನು ಡಿಸ್ಕ್ ಕೇಳಿಸಿಕೊಂಡೇ ಇರಲಿಲ್ಲ.

ತಪ್ಪು ಕರ್ನೆಲ್‌ನದೇ? ಅಲ್ಲ. ಅದು ಎಂದೂ "ಡಿಸ್ಕಿನಲ್ಲಿ ಬರೆದೆ" ಎಂದು ಹೇಳಿರಲಿಲ್ಲ, "ನನ್ನ ಕೈಗೆ ಬಂತು" ಎಂದಷ್ಟೇ ಹೇಳಿತ್ತು. ಅದನ್ನು 'ಸೇವ್ ಆಯಿತು' ಎಂದು ಅನುವಾದ ಮಾಡಿದವನು ನಾನು. ಡಿಸ್ಕಿಗೆ ಹೋಗಿದೆ ಎಂದು ಖಾತ್ರಿ ಬೇಕಿದ್ದರೆ ಎಫ್‌ಸಿಂಕ್ ಎಂಬ ಕರೆ ಕೊಡಬೇಕು. ಆಗ ಕರ್ನೆಲ್ ಆ ಫೈಲಿನ ಡರ್ಟಿ ಪುಟಗಳನ್ನೆಲ್ಲ ಕಳಿಸಿ, ಡಿಸ್ಕಿನೊಳಗೂ ಒಂದು ಪುಟ್ಟ ಕ್ಯಾಶ್ ಇರುತ್ತದಾದ್ದರಿಂದ ಅದನ್ನೂ ಖಾಲಿ ಮಾಡಲು ಹೇಳಿ, ಮುಗಿದ ಮೇಲೆಯೇ ಉತ್ತರ ಕೊಡುತ್ತದೆ. ಫೈಲ್ ಹೊಸದಾಗಿ ಹುಟ್ಟಿದ್ದಾದರೆ ಅದಿರುವ ಫೋಲ್ಡರಿಗೂ ಇದೇ ಕರೆ ಬೇಕು. ಇಲ್ಲದಿದ್ದರೆ ಫೈಲಿನ ಹೆಸರೇ ಕಳೆದುಹೋಗಬಹುದು.

ಎಫ್‌ಸಿಂಕ್ ಪುಕ್ಕಟೆ ಅಲ್ಲ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ 120 ಸುತ್ತು ಹೊಡೆಯುತ್ತದೆ. ಅಂಥ ಡಿಸ್ಕಿನಲ್ಲಿ ಸೆಕೆಂಡಿಗೆ ನೂರರ ಆಸುಪಾಸು ಎಫ್‌ಸಿಂಕ್ ಮಾಡಬಹುದು. ದೊಡ್ಡ ಡೇಟಾಬೇಸುಗಳು ಅದಕ್ಕೇ ಹಲವು ವ್ಯವಹಾರಗಳನ್ನು ಒಟ್ಟು ಸೇರಿಸಿ ಒಂದೇ ಎಫ್‌ಸಿಂಕ್‌ನಲ್ಲಿ ಮುಗಿಸುತ್ತವೆ. ಆದರೆ ಮಾವನ ಹೋಟೆಲಿನಲ್ಲಿ ಎಷ್ಟೇ ರಶ್ ಇದ್ದರೂ ಸೆಕೆಂಡಿಗೆ ಒಂದು ಬಿಲ್ಲೂ ಆಗುವುದಿಲ್ಲ. ನನಗೆ ನೆವ ಹೇಳಲು ಜಾಗವಿರಲಿಲ್ಲ.

ದೊಡ್ಡವರೂ ಇಲ್ಲಿ ಎಡವಿದ್ದಾರೆ ಎಂಬುದೇ ನನಗಿದ್ದ ಸಮಾಧಾನ. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನವರು ಒಂದು ವಿಷಯ ಕಂಡು ಬೆಚ್ಚಿದರು. ಡಿಸ್ಕಿನ ದೋಷದಿಂದ ಎಫ್‌ಸಿಂಕ್ ವಿಫಲವಾದರೆ ಲಿನಕ್ಸ್ ಒಮ್ಮೆ ದೋಷ ತಿಳಿಸಿ, ಆ ಪುಟಗಳ ಡರ್ಟಿ ಗುರುತನ್ನೇ ಅಳಿಸಿಬಿಡುತ್ತಿತ್ತು. ಎರಡನೇ ಸಲ ಎಫ್‌ಸಿಂಕ್ ಮಾಡಿದರೆ ಬರೆಯಲು ಏನೂ ಬಾಕಿಯಿಲ್ಲವೆಂದು "ಸರಿಯಾಗಿದೆ" ಎಂಬ ಉತ್ತರ! ಡೇಟಾಬೇಸ್ ಅದನ್ನು ನಂಬುತ್ತಿತ್ತು. 2019ರ ಫೆಬ್ರವರಿಯ ಆವೃತ್ತಿಗಳಿಂದ ಪೋಸ್ಟ್‌ಗ್ರೆಸ್ ಪಾಠ ಕಲಿತಿತು: ಎಫ್‌ಸಿಂಕ್ ಒಮ್ಮೆ ಸೋತರೆ ಮತ್ತೆ ಕೇಳುವುದಿಲ್ಲ, ಕೆಲಸ ನಿಲ್ಲಿಸಿ ತನ್ನ ದಾಖಲೆ ಪುಸ್ತಕದಿಂದ ಲೆಕ್ಕವನ್ನು ಮತ್ತೆ ಕಟ್ಟಿಕೊಳ್ಳುತ್ತದೆ.

ನಾನು ಪ್ರೋಗ್ರಾಮನ್ನು ತಿದ್ದಿದೆ. ಈಗ ಲೆಕ್ಕ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿದೆ. ಅದರ ಸಾಮಾನ್ಯ ಸೆಟ್ಟಿಂಗಿನಲ್ಲಿ ಪ್ರತಿ ವ್ಯವಹಾರಕ್ಕೂ ಎಫ್‌ಸಿಂಕ್ ಆಗುತ್ತದೆ. ಅದು ಮುಗಿದ ಮೇಲೆಯೇ 'ಸೇವ್ ಆಯಿತು', ಅದಾದ ಮೇಲೆಯೇ ಪ್ರಿಂಟರು. ಯುಪಿಎಸ್‌ಗೆ ಹೊಸ ಬ್ಯಾಟರಿಯೂ ಬಂತು. ಈ ಸಲ ಗಲ್ಲೆಯ ಹತ್ತಿರ ನಿಂತು, ಬಿಲ್ಲು ಹಾಕುತ್ತಿದ್ದಂತೆ ಪ್ಲಗ್ಗು ಕಿತ್ತು ನೋಡಿದೆ. ಹತ್ತು ಸಲ. ಹತ್ತು ಸಲವೂ ಲೆಕ್ಕ ಇತ್ತು.

ನಿಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ, ಊರಿನ ಮದುವೆಯ ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಿದಾಗ ನಕಲು ಮುಗಿಯಿತೆಂದು ಕಂಡ ಕೂಡಲೇ ಕೀಳಬೇಡಿ, 'ಇಜೆಕ್ಟ್' ಒತ್ತಿ. ಬಾಕಿ ಪುಟಗಳೆಲ್ಲ ಹೋಗುವುದು ಆಗ. ನಿಮ್ಮಲ್ಲಿ ಯಾರಾದರೂ ಅಂಗಡಿ, ಹೋಟೆಲು, ಸಂಘದ ಲೆಕ್ಕಕ್ಕೆ ಪ್ರೋಗ್ರಾಮ್ ಬರೆಯುವವರಿದ್ದರೆ, ಪರದೆಯ ಮೇಲೆ 'ಸೇವ್' ಎಂಬ ಪದ ಹಾಕುವ ಮೊದಲು ಆ ಮಾತು ಯಾರ ಪರವಾಗಿ ಹೇಳುತ್ತಿದ್ದೀರಿ ಎಂದು ಯೋಚಿಸಿ. ಅದು ಸುಳ್ಳಾದ ದಿನ ಕಂಪ್ಯೂಟರನ್ನು ಯಾರೂ ಸಂಶಯಪಡುವುದಿಲ್ಲ, ಅದರ ಮುಂದೆ ಕೂತವನನ್ನು ಸಂಶಯಪಡುತ್ತಾರೆ.

ಚೀಟಿ ಸಿಕ್ಕಿದ ದಿನ ನಾನು ಮಾವನಿಗೆ ಇಷ್ಟನ್ನೂ ಹೇಳಿದೆ. ಅರ್ಧ ಅರ್ಥವಾಯಿತೋ ಇಲ್ಲವೋ, "ಅಂದರೆ ತಪ್ಪು ನಿನ್ನದು" ಎಂದರು. ಹೌದು ಎಂದೆ. ಹುಡುಗನಿಗೂ ಅದನ್ನೇ ಹೇಳಿ ಕ್ಷಮೆ ಕೇಳಿದೆ. ಅವನು, "ಪರವಾಗಿಲ್ಲ ಅಣ್ಣ" ಎಂದು ಪಾರ್ಸೆಲಿನ ದಾರ ಸುತ್ತುತ್ತಲೇ ಇದ್ದ. ಮಾವ ಏನೂ ಮಾತಾಡದೆ ಎದ್ದು ಅಡುಗೆಮನೆಯ ಕಡೆ ಹೋದರು. ಹೋಗುವಾಗ ಗಲ್ಲೆಯ ಬೀಗದ ಕೈಯನ್ನು ಅವನ ಮುಂದಿಟ್ಟರು.