ತೀರ್ಪಿನ ನಂತರ ಕೋವಿ ಎಲ್ಲಿಗೆ ಹೋಯಿತು?

ಚಾಮರಾಜನಗರ ಜಿಲ್ಲೆಯಲ್ಲಿ ಪರವಾನಗಿ ಕೋವಿಯೊಂದು ಸರ್ಕಾರಿ ಕಡತಕ್ಕೆ ಸೇರುವ ದಾರಿ ಬಹಳ ಬಿಗಿಯಾದದ್ದು. ಬ್ರಿಟಿಷರು 1878ರಲ್ಲಿ ಆಯುಧ ಕಾಯ್ದೆ ತಂದದ್ದು ಪ್ರಜೆಗಳ ಮೇಲಿನ ಅಪನಂಬಿಕೆಯಿಂದ. ಸ್ವತಂತ್ರ ಭಾರತ ಅದನ್ನು ತೆಗೆದುಹಾಕಿ 1959ರಲ್ಲಿ ಹೊಸ ಕಾಯ್ದೆ ಮಾಡಿ, 1962ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದಾಗಲೂ ಪರವಾನಗಿ, ವಹಿ, ನವೀಕರಣಗಳ ಚೌಕಟ್ಟು ಹಾಗೆಯೇ ಉಳಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದರ ಮೇಲೆ ಇನ್ನೊಂದು ಬೀಗ ಹಾಕಿತು. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಕೋವಿ ಇಟ್ಟುಕೊಂಡವರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು. ಮುಖ್ಯ ವನ್ಯಜೀವಿ ಪರಿಪಾಲಕರು ಒಪ್ಪದೆ ಅಲ್ಲಿ ಹೊಸ ಪರವಾನಗಿ ಇಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಒಂದೆಡೆ ಬಂಡೀಪುರ, ಇನ್ನೊಂದೆಡೆ ಬಿಳಿಗಿರಿರಂಗನ ಬೆಟ್ಟ, ಆಚೆ ಮಲೆ ಮಹದೇಶ್ವರ ಬೆಟ್ಟ ಇರುವ ಈ ಜಿಲ್ಲೆಯಲ್ಲಿ 10 ಕಿಲೋಮೀಟರ್ ಎಂದರೆ ಸಣ್ಣ ಅಂಚಲ್ಲ. ಹಂಗಳದಂಥ ಕಾಡಂಚಿನ ಊರುಗಳಲ್ಲಿ ಬೆಳೆ ಕಾಯಲು ಕೋವಿ ಇಟ್ಟುಕೊಂಡ ರೈತನ ಹೆಸರು ಹೀಗೆ ಎರಡು ಇಲಾಖೆಗಳ ವಹಿಯಲ್ಲಿರಬೇಕು.

ಅದೇ ಕೋವಿ ನ್ಯಾಯಾಲಯದ ಆದೇಶದ ಮೇಲೆ ಅವನ ಕೈಬಿಟ್ಟು ಹೋಗುವ ದಾರಿಯನ್ನು ಯಾರೂ ಒಟ್ಟಾಗಿ ಯೋಚಿಸಿ ರೂಪಿಸಲಿಲ್ಲ. ಅದು ತುಂಡುತುಂಡಾಗಿ ಬೆಳೆದು ಬಂತು. ಆಯುಧ ಕಾಯ್ದೆಯ 32ನೇ ಕಲಂ, ಶಿಕ್ಷೆ ವಿಧಿಸಿದ ನ್ಯಾಯಾಲಯವು ಆಯುಧವನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು ಎನ್ನುತ್ತದೆ. 17ನೇ ಕಲಂ ಪರವಾನಗಿಯನ್ನು ರದ್ದು ಮಾಡುವ ಅಧಿಕಾರವನ್ನೂ ಕೊಡುತ್ತದೆ. ವನ್ಯಜೀವಿ ಕಾಯ್ದೆಯ 51ನೇ ಕಲಂ ಇನ್ನೂ ಕಠಿಣ: ಬೇಟೆಗೆ ಬಳಸಿದ ಕೋವಿಯ ಪರವಾನಗಿ ರದ್ದಾಗಿ, ಶಿಕ್ಷೆಯಾದ ದಿನದಿಂದ 5 ವರ್ಷ ಹೊಸ ಪರವಾನಗಿಗೆ ಅನರ್ಹ ಎಂದು ನ್ಯಾಯಾಲಯ ಹೇಳಬಹುದು. ಆದರೆ ಕೋವಿ ಸರ್ಕಾರದ ವಶಕ್ಕೆ ಬಂತು, ವಹಿಯಲ್ಲಿ ಹೆಸರು ಹೊಡೆದುಹಾಕಲಾಯಿತು ಎಂದು ಇಷ್ಟು ದಿನದೊಳಗೆ ನ್ಯಾಯಾಲಯಕ್ಕೆ ವರದಿ ಕೊಡಬೇಕೆಂಬ ಮಾತು ಈ ಯಾವ ಕಲಮಿನಲ್ಲೂ ಇಲ್ಲ. ರೈತನೊಬ್ಬ ತನ್ನ ಕೋವಿಯನ್ನು ಮಾರಬೇಕಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಪ್ರಜೆಗೆ ದಿನ ಎಣಿಸಿ ಹೇಳಿದ ಕಾಯ್ದೆ ಸರ್ಕಾರಿ ಕಚೇರಿಗಳಿಗೆ ದಿನ ಹೇಳಲಿಲ್ಲ. ಅನ್ಯಾಯ ಇರುವುದು ಇಲ್ಲೇ.

ಇದು ಬರೀ ಕಾಗದದ ತಕರಾರಲ್ಲ. ಆದೇಶ ಬರೆಯುವುದು ಗುಂಡ್ಲುಪೇಟೆಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಅಥವಾ ಚಾಮರಾಜನಗರದ ಸೆಷನ್ಸ್ ನ್ಯಾಯಾಲಯ; ಕೋವಿ ಇರುವುದು ಮುದ್ದೆಮಾಲಾಗಿ, ಅಂದರೆ ಪ್ರಕರಣದಲ್ಲಿ ವಶಪಡಿಸಿಕೊಂಡ ವಸ್ತುವಾಗಿ, ಬೇರೆ ಕಡೆ; ಪರವಾನಗಿಯ ಕಡತ ಜಿಲ್ಲಾಧಿಕಾರಿ ಕಚೇರಿಯಲ್ಲಿ; ಇನ್ನೊಂದು ವಹಿ ಅರಣ್ಯ ಇಲಾಖೆಯಲ್ಲಿ. ಒಂದು ಪತ್ರ ತಪ್ಪಿದರೂ 5 ವರ್ಷದ ಅನರ್ಹತೆ ಕಡತದಲ್ಲಿ ಕಾಣಿಸುವುದೇ ಇಲ್ಲ. ಮುದ್ದೆಮಾಲು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಯಬಾರದೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಸುಂದರ್‌ಭಾಯಿ ದೇಸಾಯಿ ಪ್ರಕರಣದಲ್ಲಿ ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂ ಆ ಮಾತಿಗೆ ದಿನಗಳನ್ನು ಕೊಟ್ಟಿದೆ: ಮಾಲು ಹಾಜರಾದ 14 ದಿನದೊಳಗೆ ವಿವರಪಟ್ಟಿ, ಫೋಟೊ, ವಿಡಿಯೊ, ಆಮೇಲೆ 30 ದಿನದೊಳಗೆ ವಿಲೇವಾರಿ ಆದೇಶ. ಬಹಳ ಒಳ್ಳೆಯ ಹೆಜ್ಜೆ. ಆದರೂ ಗಡುವು ಆದೇಶಕ್ಕೇ ನಿಂತಿತು, ಪಾಲನೆಯವರೆಗೆ ಬರಲಿಲ್ಲ. ಸರ್ಕಾರದ ಕೈಯಲ್ಲಿದ್ದ ಮಾತ್ರಕ್ಕೆ ಆಯುಧ ಸುರಕ್ಷಿತ ಎಂದು ಈ ಜಿಲ್ಲೆಯವರು ನಂಬುವುದು ಕಷ್ಟ. 1992ರ ಮೇ ತಿಂಗಳಲ್ಲಿ ವೀರಪ್ಪನ್ ತಂಡ ರಾಮಾಪುರ ಪೊಲೀಸ್ ಠಾಣೆಗೇ ನುಗ್ಗಿ, ಪೊಲೀಸರನ್ನು ಕೊಂದು, ಆಯುಧಗಳನ್ನು ಹೊತ್ತೊಯ್ದಿತ್ತು.

ಆದೇಶ ಪಾಲನೆಯಾಯಿತೆಂದು ಗೊತ್ತಾದ ದಿನದೊಳಗೆ ನ್ಯಾಯಾಲಯಕ್ಕೆ ವರದಿ ಬರಬೇಕು ಎಂದರೆ, ಪೊಲೀಸರಿಗೆ ಈಗಾಗಲೇ ಹೊರೆ ಹೆಚ್ಚಿದೆ, ಇನ್ನೊಂದು ವರದಿ ಯಾಕೆ ಎಂದು ಕೇಳುವವರಿದ್ದಾರೆ. ಹೊರೆ ಇರುವುದು ನಿಜ. ಆದರೆ ಪ್ರತಿ ಚುನಾವಣೆಯಲ್ಲೂ ಇದೇ ಠಾಣೆಗಳು ಕೋವಿಗಳನ್ನು ಜಮಾ ಮಾಡಿಸಿಕೊಂಡು, ಸ್ವೀಕೃತಿ ಕೊಟ್ಟು, ಎಷ್ಟು ಬಂದವೆಂದು ಆಯೋಗಕ್ಕೆ ಲೆಕ್ಕ ಒಪ್ಪಿಸುತ್ತವೆ. ಅಷ್ಟು ಕೋವಿಗಳ ಲೆಕ್ಕ ಇಡಬಲ್ಲವರಿಗೆ ತೀರ್ಪಾದ ಕೆಲವೇ ಕೋವಿಗಳ ಲೆಕ್ಕ ಅಸಾಧ್ಯವಲ್ಲ. ಅಪಾಯವಿರುವುದು ಪರವಾನಗಿ ಇಲ್ಲದ ನಾಡಬಂದೂಕಿನಿಂದ, ರೈತನ ಕೋವಿಯಿಂದಲ್ಲ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಹೆಚ್ಚು ತೂಕವಿದೆ. ಆದರೆ ನಾಡಬಂದೂಕಿಗೆ ಪರವಾನಗಿಯ ವಹಿಯೇ ಇಲ್ಲ. ಮಹಜರು ಮತ್ತು ಮುದ್ದೆಮಾಲಿನ ದಾಖಲೆಯೇ ಅದರ ಗುರುತು. ಪಾಲನಾ ವರದಿ ಅತಿ ಹೆಚ್ಚು ಬೇಕಿರುವುದು ಅದಕ್ಕೇ. ರೈತನಿಗೆ ಕಿರುಕುಳವಾಗುತ್ತದೆ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಖುಲಾಸೆಯಾದವನಿಗೆ ಕೋವಿ ಹಿಂತಿರುಗಿಸಿ ಎಂಬುದೂ ನ್ಯಾಯಾಲಯದ ಆದೇಶವೇ. ಬೆಳೆ ಕಟಾವಿಗೆ ಬಂದಾಗ ಕೋವಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವವನಿಗೆ, ಇಂಥ ದಿನದೊಳಗೆ ವರದಿ ಬರಬೇಕೆಂಬ ನಿಯಮದಷ್ಟು ಆಸರೆ ಬೇರೊಂದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೌಟುಂಬಿಕ ಹಿಂಸೆಯ ತಡೆಯಾಜ್ಞೆ ಕೈಸೇರಿದವನು 24 ಗಂಟೆಯೊಳಗೆ ಬಂದೂಕನ್ನು ಒಪ್ಪಿಸಿ, 48 ಗಂಟೆಯೊಳಗೆ ಅದರ ರಸೀತಿಯನ್ನು ನ್ಯಾಯಾಲಯಕ್ಕೆ ಸಲ್ಲಿಸಬೇಕು. ಆ ನಾಡಿನ ಬಂದೂಕಿನ ಸಮಸ್ಯೆ ನಮ್ಮದಲ್ಲ, ಅಷ್ಟು ಬಿಗಿ ಗಡುವೂ ಇಲ್ಲಿ ಬೇಕಿಲ್ಲ. ರಸೀತಿ ನ್ಯಾಯಾಲಯಕ್ಕೇ ಮರಳಿ ಬರಬೇಕು ಎಂಬ ಕ್ರಮವಷ್ಟೇ ನಮಗೆ ಬೇಕಾದದ್ದು. ಅದಕ್ಕಾಗಿ ಸಂಸತ್ತಿನ ತಿದ್ದುಪಡಿಯನ್ನು ಕಾಯಬೇಕಾಗಿಲ್ಲ. ಮುಟ್ಟುಗೋಲಿನ ಆದೇಶ ಬರೆಯುವ ನ್ಯಾಯಾಧೀಶರೇ ಅದರ ಕೆಳಗೆ ಒಂದು ತಾರೀಕು ಹಾಕಿ, ಆ ದಿನ ಠಾಣಾಧಿಕಾರಿಯಿಂದ ಪಾಲನಾ ವರದಿ ಕೇಳಬಹುದು: ಕೋವಿಯ ನಂಬರು, ಅದನ್ನು ವಹಿಸಿಕೊಂಡವರ ಸಹಿ, ಜಿಲ್ಲಾಧಿಕಾರಿ ಕಚೇರಿಯ ವಹಿಯಲ್ಲಿ ಆದ ನಮೂದು ಮತ್ತು ಕಾಡಂಚಿನ ಕೋವಿಯಾದರೆ ಅರಣ್ಯ ಇಲಾಖೆಗೆ ಹೋದ ಪತ್ರದ ಪ್ರತಿ.