ಪ್ಯಾರಿಸ್‌ಗೆ ಕಾಣದ ಫ್ರಾನ್ಸ್

2018ರ ನವೆಂಬರ್ 17ರ ಶನಿವಾರ ಫ್ರಾನ್ಸಿನ ಉದ್ದಗಲಕ್ಕೂ ಸುಮಾರು 2.8 ಲಕ್ಷ ಜನ ಹಳದಿ ಜಾಕೆಟ್ ತೊಟ್ಟು ರಸ್ತೆಗಿಳಿದರು. ಊರಾಚೆಯ ವೃತ್ತಗಳಲ್ಲಿ, ಟೋಲ್‌ಗೇಟ್‌ಗಳಲ್ಲಿ ವಾಹನ ತಡೆದು ನಿಂತರು. ಅವರ ಹಿಂದೆ ಪಕ್ಷವಿರಲಿಲ್ಲ, ಕಾರ್ಮಿಕ ಸಂಘವೂ ಇರಲಿಲ್ಲ. ಲಾರಿ ಚಾಲಕರು, ಆಸ್ಪತ್ರೆಯ ಸಹಾಯಕಿಯರು, ಸಣ್ಣ ಅಂಗಡಿಯವರು, ಪಿಂಚಣಿದಾರರು, ಒಬ್ಬಂಟಿಯಾಗಿ ಮಕ್ಕಳನ್ನು ಸಾಕುವ ತಾಯಂದಿರು ಅಲ್ಲಿದ್ದರು. ಬಹಳ ಮಂದಿ ಅದುವರೆಗೆ ಯಾವ ಮೆರವಣಿಗೆಗೂ ಹೋದವರಲ್ಲ. ಅಪಘಾತವಾದಾಗ ಕಣ್ಣಿಗೆ ಬೀಳಲೆಂದು ಪ್ರತಿ ಕಾರಿನಲ್ಲೂ ಇಂಥ ಜಾಕೆಟ್ ಇರಬೇಕೆಂಬ ನಿಯಮ 2008ರಿಂದ ಇದ್ದುದರಿಂದ ಅದು ಎಲ್ಲರ ಕೈಗೂ ಸುಲಭವಾಗಿ ಸಿಕ್ಕಿತು.

ಕಿಡಿ ಹೊತ್ತಿದ್ದು ಇಂಧನ ತೆರಿಗೆಯಿಂದ. ಹವಾಮಾನ ಬದಲಾವಣೆ ತಡೆಯಲು ಫ್ರಾನ್ಸ್ 2014ರಲ್ಲಿ ಇಂಗಾಲದ ಮೇಲೆ ಟನ್ನಿಗೆ 7 ಯೂರೊ ತೆರಿಗೆ ಹಾಕಿತ್ತು. 2018ರ ಹೊತ್ತಿಗೆ ಅದು 44.6 ಯೂರೊ ಆಗಿತ್ತು. 2019ರ ಜನವರಿಯಿಂದ ಡೀಸೆಲ್ ತೆರಿಗೆ ಲೀಟರಿಗೆ ಇನ್ನೂ 6.5 ಸೆಂಟ್ ಏರಬೇಕಿತ್ತು. ತೆರಿಗೆಯ ಉದ್ದೇಶದಲ್ಲಿ ದೋಷವಿರಲಿಲ್ಲ. ಅದರ ಭಾರ ಯಾರ ಹೆಗಲ ಮೇಲೆ ಬೀಳುತ್ತದೆ ಎಂಬುದನ್ನು ಮಾತ್ರ ಯಾರೂ ನೋಡಲಿಲ್ಲ. ಪ್ಯಾರಿಸ್‌ನಲ್ಲಿ ಮೆಟ್ರೊ ಇದೆ, ಕಾರಿಲ್ಲದೆ ಬಾಳಬಹುದು. ಸಣ್ಣ ಪಟ್ಟಣಗಳಲ್ಲಿ ಹೆರಿಗೆ ಆಸ್ಪತ್ರೆ, ಅಂಚೆ ಕಚೇರಿ, ರೈಲು ಮಾರ್ಗಗಳು ಒಂದೊಂದಾಗಿ ಮುಚ್ಚಿದ್ದವು. ಕೆಲಸಕ್ಕೆ, ಶಾಲೆಗೆ, ವೈದ್ಯರ ಬಳಿಗೆ ಕಾರೊಂದೇ ಗತಿ. ಡೀಸೆಲ್ ಕಾರು ಕೊಳ್ಳಿರೆಂದು ಕಡಿಮೆ ತೆರಿಗೆಯ ಆಸೆ ತೋರಿಸಿ ದಶಕಗಳ ಕಾಲ ಪ್ರೋತ್ಸಾಹಿಸಿದ್ದೂ ಸರ್ಕಾರಗಳೇ. ವಿಮಾನದ ಇಂಧನಕ್ಕೆ ಆ ತೆರಿಗೆ ಇರಲೇ ಇಲ್ಲ.

ಡೀಸೆಲ್ ತೆರಿಗೆ ಏರಿಸಲು ಹೊರಟಿದ್ದ ಸರ್ಕಾರವೇ 2017ರ ಅಕ್ಟೋಬರ್‌ನಲ್ಲಿ ಬಡವರ ಬಾಡಿಗೆ ನೆರವಿನಿಂದ ತಿಂಗಳಿಗೆ 5 ಯೂರೊ ಕಡಿತ ಮಾಡಿತ್ತು. 2018ರ ಆರಂಭದಲ್ಲಿ ಶ್ರೀಮಂತರ ಸಂಪತ್ತು ತೆರಿಗೆಯನ್ನು ತೆಗೆದು, ಸ್ಥಿರಾಸ್ತಿಗೆ ಮಾತ್ರ ಸೀಮಿತವಾದ ತೆರಿಗೆಯನ್ನು ತಂದಿತು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಅರ್ಥಶಾಸ್ತ್ರ ಓದಿರಬೇಕಿಲ್ಲ. ದೊಡ್ಡವರಿಗೆ ಲೋಕದ ಅಂತ್ಯದ ಚಿಂತೆ, ತಮಗೆ ತಿಂಗಳ ಕೊನೆಯ ಚಿಂತೆ ಎಂದು ವೃತ್ತಗಳಲ್ಲಿ ನಿಂತವರು ಹೇಳತೊಡಗಿದರು.

ಹೊಟ್ಟೆಯ ಸಂಕಟಕ್ಕಿಂತ ಅವಮಾನ ಹೆಚ್ಚು ಚುಚ್ಚಿತ್ತು. ಎಮ್ಯಾನುಯೆಲ್ ಮ್ಯಾಕ್ರಾನ್ 2014ರಲ್ಲಿ ಅರ್ಥ ಸಚಿವರಾಗಿದ್ದಾಗ, ಬ್ರಿಟನಿ ಪ್ರಾಂತ್ಯದ ಕಸಾಯಿಖಾನೆಯೊಂದರ ಕೆಲಸಗಾರ್ತಿಯರಲ್ಲಿ ಹಲವರು ಅನಕ್ಷರಸ್ಥರು ಎಂದು ಹೇಳಿ, ಆಮೇಲೆ ಕ್ಷಮೆ ಕೇಳಿದ್ದರು. ಅಧ್ಯಕ್ಷರಾದ ಮೇಲೆ 2017ರ ಜೂನ್‌ನಲ್ಲಿ, ಹಳೆಯ ರೈಲ್ವೆ ಕಟ್ಟಡದಲ್ಲಿ ಶುರುವಾದ ನವೋದ್ಯಮ ಕೇಂದ್ರವನ್ನು ಉದ್ಘಾಟಿಸುತ್ತಾ, ನಿಲ್ದಾಣದಲ್ಲಿ ಗೆದ್ದವರೂ ಎದುರಾಗುತ್ತಾರೆ, ಏನೂ ಅಲ್ಲದವರೂ ಎದುರಾಗುತ್ತಾರೆ ಎಂದರು. 2018ರ ಸೆಪ್ಟೆಂಬರ್‌ನಲ್ಲಿ ಕೆಲಸ ಸಿಗುತ್ತಿಲ್ಲವೆಂದು ಅಳಲು ತೋಡಿಕೊಂಡ ಯುವ ತೋಟಗಾರನಿಗೆ, ರಸ್ತೆ ದಾಟಿದರೆ ಸಾಕು, ಕೆಲಸ ಹುಡುಕಿಕೊಡುತ್ತೇನೆ ಎಂದರು. ಸರ್ಕಾರದ ವಕ್ತಾರರು ವಿರೋಧಿ ನಾಯಕರೊಬ್ಬರನ್ನು ಹೀಗಳೆಯಲು, ಅವರು ಸಿಗರೇಟು ಸೇದುತ್ತಾ ಡೀಸೆಲ್ ಗಾಡಿ ಓಡಿಸುವವರ ಅಭ್ಯರ್ಥಿ ಎಂದಿದ್ದರು. ಇಂಥ ಮಾತುಗಳನ್ನು ನಾಲಿಗೆ ಜಾರಿದ್ದೆಂದು ತಳ್ಳಿಹಾಕಲಾಗದು. ಆಡುವವರಿಗೆ ಅದರಲ್ಲಿ ತಪ್ಪೇ ಕಾಣದಷ್ಟು ಅಂತರ ಆಗಲೇ ಬೆಳೆದಿತ್ತು.

ಆ ಅಂತರ ಎಲ್ಲಿಂದ ಬಂತು ಎಂಬುದೇ ಮುಖ್ಯ ಪ್ರಶ್ನೆ. ಉತ್ತರದ ಒಂದು ಭಾಗ 'ಎನಾ' ಎಂದು ಹೆಸರಾದ ರಾಷ್ಟ್ರೀಯ ಆಡಳಿತ ಶಾಲೆಯಲ್ಲಿದೆ. ಉನ್ನತ ಹುದ್ದೆಗಳು ಕೆಲವು ಮನೆತನಗಳ ಸೊತ್ತಾಗಬಾರದು, ಪರೀಕ್ಷೆ ಗೆದ್ದ ಯಾರಿಗಾದರೂ ದಕ್ಕಬೇಕು ಎಂಬ ಒಳ್ಳೆಯ ಆಶಯದಿಂದ 1945ರಲ್ಲಿ ಅದನ್ನು ಕಟ್ಟಲಾಯಿತು. ಕಾಲಕ್ರಮದಲ್ಲಿ ಆ ಪರೀಕ್ಷೆಗೆ ಸಿದ್ಧರಾಗುವ ಅನುಕೂಲ ಓದಿದ, ಉಳ್ಳ ಮನೆಯ ಮಕ್ಕಳಿಗೇ ಹೆಚ್ಚಾಗಿ ಒದಗಿತು. ಜಿಸ್ಕಾರ್ ದೆಸ್ತಾಂ, ಷಿರಾಕ್, ಒಲಾಂದ್, ಮ್ಯಾಕ್ರಾನ್ – ನಾಲ್ವರು ಅಧ್ಯಕ್ಷರು ಅಲ್ಲಿಂದಲೇ ಬಂದವರು. ಅಲ್ಲಿ ಕಲಿತವರು ಸಚಿವಾಲಯದಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮತ್ತೆ ಸಚಿವಾಲಯಕ್ಕೆ ಸಲೀಸಾಗಿ ಓಡಾಡುತ್ತಾರೆ. ಮ್ಯಾಕ್ರಾನ್ ಹಣಕಾಸು ತಪಾಸಣಾಧಿಕಾರಿಯಾಗಿ, ರಾತ್‌ಶೀಲ್ಡ್ ಬ್ಯಾಂಕಿನಲ್ಲಿ ದುಡಿದು, ಮೊದಲು ಯಾವ ಚುನಾವಣೆಯನ್ನೂ ಗೆದ್ದಿರದೆ ನೇರವಾಗಿ ಅಧ್ಯಕ್ಷರಾದರು. ಬೀದಿ ದೀಪದ ದೂರು ಹೊತ್ತು ಬರುವ ಮತದಾರನ ಮುಂದೆ ವರ್ಷಗಟ್ಟಲೆ ಕೂತ ಅನುಭವ ಅವರಿಗಿರಲಿಲ್ಲ.

ಇನ್ನೊಂದು ಕಾರಣವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಫ್ರಾನ್ಸಿನ ಸಂಸದರಲ್ಲಿ ಅನೇಕರು ಹಿಂದೆ ತಮ್ಮ ಊರಿನ ಮೇಯರ್ ಕೂಡ ಆಗಿರುತ್ತಿದ್ದರು. ಒಬ್ಬರಿಗೆ ಎರಡು ಅಧಿಕಾರ ಬೇಡವೆಂದು 2014ರಲ್ಲಿ ಮಾಡಿದ ಕಾನೂನು 2017ರಿಂದ ಜಾರಿಗೆ ಬಂತು. ಅಧಿಕಾರ ಒಂದೇ ಕೈಯಲ್ಲಿ ಸೇರದಂತೆ ತಡೆದ ಈ ಸುಧಾರಣೆ, ಊರಿನ ಮಾತು ಸಂಸತ್ತಿಗೆ ತಲುಪುತ್ತಿದ್ದ ದಾರಿಯನ್ನೂ ಕಿರಿದು ಮಾಡಿತು.

ನಂಬಿಕೆ ಅದಕ್ಕೂ ಮೊದಲೇ ಒಡೆದಿತ್ತು. 2005ರ ಮೇ 29ರಂದು ಐರೋಪ್ಯ ಸಂವಿಧಾನ ಒಪ್ಪಂದವನ್ನು ಸುಮಾರು ಶೇ 55ರಷ್ಟು ಮತದಾರರು ತಿರಸ್ಕರಿಸಿದರು. ಅದರ ಬಹುಪಾಲು ಅಂಶಗಳಿದ್ದ ಲಿಸ್ಬನ್ ಒಪ್ಪಂದವನ್ನು 2008ರಲ್ಲಿ ಜನರನ್ನು ಮತ್ತೆ ಕೇಳದೆ ಸಂಸತ್ತಿನಲ್ಲೇ ಅಂಗೀಕರಿಸಲಾಯಿತು. ನಾಗರಿಕರೇ ಜನಮತಗಣನೆ ನಡೆಸುವಂತೆ ಒತ್ತಾಯಿಸುವ ಹಕ್ಕು ಹಳದಿ ಜಾಕೆಟ್‌ನವರ ಮೊದಲ ಬೇಡಿಕೆಗಳಲ್ಲಿ ಒಂದಾದದ್ದು ಸಹಜವೇ ಆಗಿತ್ತು.

2018ರ ಡಿಸೆಂಬರ್ 1ರಂದು ಪ್ಯಾರಿಸ್‌ನ ವಿಜಯ ಕಮಾನಿಗೆ ನುಗ್ಗಿದವರು ಒಳಗೆ ಧ್ವಂಸ ನಡೆಸಿದರು. ಮುಂದಿನ ತಿಂಗಳುಗಳಲ್ಲಿ ಪೊಲೀಸರ ರಬ್ಬರ್ ಗುಂಡುಗಳಿಗೆ ಸಿಕ್ಕಿ ಹಲವರು ಕಣ್ಣು ಕಳೆದುಕೊಂಡರು. ಡಿಸೆಂಬರ್ ಮೊದಲ ವಾರದಲ್ಲಿ ಸರ್ಕಾರ ತೆರಿಗೆ ಏರಿಕೆಯನ್ನು ಕೈಬಿಟ್ಟಿತು. ಡಿಸೆಂಬರ್ 10ರಂದು ಮ್ಯಾಕ್ರಾನ್ ಟಿವಿಯಲ್ಲಿ ಕಾಣಿಸಿಕೊಂಡು, ತಮ್ಮ ಮಾತುಗಳಿಂದ ಕೆಲವರಿಗೆ ನೋವಾಗಿರಬಹುದೆಂದು ಒಪ್ಪಿಕೊಂಡು, ಕನಿಷ್ಠ ವೇತನದವರಿಗೆ ತಿಂಗಳಿಗೆ 100 ಯೂರೊ ಹೆಚ್ಚು ಸಿಗುವಂತೆ ಮಾಡುವ ಭರವಸೆ ಕೊಟ್ಟರು. ಇಂಗಾಲದ ತೆರಿಗೆ 44.6 ಯೂರೊದಲ್ಲೇ ನಿಂತಿತು. ಜನರನ್ನು ಮೊದಲೇ ಕೇಳದೆ ಹೊರಟ ನೀತಿಯಿಂದ ಕೊನೆಗೆ ಹವಾಮಾನಕ್ಕೂ ನಷ್ಟವೇ ಆಯಿತು.

2019ರ ಜನವರಿಯಿಂದ ಮಾರ್ಚ್‌ವರೆಗೆ 'ಮಹಾ ಚರ್ಚೆ' ಎಂಬ ಹೆಸರಿನಲ್ಲಿ ಸುಮಾರು 10 ಸಾವಿರ ಸಭೆಗಳು ನಡೆದವು. ಸಾವಿರಾರು ಪುರಸಭೆಗಳಲ್ಲಿ ಅಹವಾಲು ಪುಸ್ತಕ ಇಡಲಾಯಿತು. 1789ರ ಕ್ರಾಂತಿಗೆ ಮುನ್ನ ಅರಸನಿಗೆ ಕಳಿಸಿದ ಅಹವಾಲುಗಳ ನೆನಪು ಅದರಲ್ಲಿತ್ತು. ಜನ ಮನಸ್ಸಿಟ್ಟು ಬರೆದರು: ಸಾಕಾಗದ ಪಿಂಚಣಿ, ದೂರವಾದ ವೈದ್ಯರು, ಮುಚ್ಚಿದ ಕಚೇರಿಗಳು. ಪುಸ್ತಕಗಳು ಜಿಲ್ಲೆಗಳ ಪತ್ರಾಗಾರಗಳಿಗೆ ಹೋದವು. ಅವನ್ನು ಎಲ್ಲರಿಗೂ ತೆರೆದಿಡುವ ಕೆಲಸ ವರ್ಷಗಟ್ಟಲೆ ನಡೆಯಲಿಲ್ಲ. ಚೀಟಿ ಎತ್ತಿ ಆರಿಸಿದ 150 ನಾಗರಿಕರ ಹವಾಮಾನ ಸಭೆ 2020ರಲ್ಲಿ 149 ಶಿಫಾರಸುಗಳನ್ನು ಕೊಟ್ಟಿತು. ಅವನ್ನು ತಿದ್ದದೆ ಮುಂದಿಡುವುದಾಗಿ ಹೇಳಿದ್ದ ಸರ್ಕಾರ ಹಲವನ್ನು ದುರ್ಬಲಗೊಳಿಸಿತು, ಕೆಲವನ್ನು ಬಿಟ್ಟೇಬಿಟ್ಟಿತು.

2022ರ ಜನವರಿಯಲ್ಲಿ ಎನಾ ಮುಚ್ಚಿ, ಅದರ ಜಾಗದಲ್ಲಿ ಹೊಸ ಹೆಸರಿನ ಸಂಸ್ಥೆ ಬಂತು. ಆದರೆ ಮರುವರ್ಷ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಮಸೂದೆಯನ್ನು ಬಹುಪಾಲು ಜನ ವಿರೋಧಿಸಿದರು, ಲಕ್ಷಾಂತರ ಮಂದಿ ಬೀದಿಗಿಳಿದರು. ಕೆಳಮನೆಯಲ್ಲಿ ಬಹುಮತದ ಖಾತ್ರಿಯಿಲ್ಲದ ಸರ್ಕಾರ 2023ರ ಮಾರ್ಚ್ 16ರಂದು ಸಂವಿಧಾನದ 49ನೇ ವಿಧಿಯ ವಿಶೇಷ ಅಧಿಕಾರ ಬಳಸಿ, ಮಸೂದೆಯನ್ನು ಅಲ್ಲಿ ಮತಕ್ಕೆ ಹಾಕದೆಯೇ ದಾಟಿಸಿತು. ನಾಲ್ಕು ದಿನಗಳ ಬಳಿಕ ಅವಿಶ್ವಾಸ ನಿರ್ಣಯ ಒಂಬತ್ತು ಮತಗಳ ಕೊರತೆಯಿಂದ ಬಿದ್ದುಹೋಗಿ, ಮಸೂದೆ ಅಂಗೀಕಾರವಾಯಿತು.