ಕೆಂಪುಹೊಳೆ ಪಕ್ಕದ ಹೆಸರಿಲ್ಲದ ಅಬ್ಬಿ

ಆಲೂರು ಬಿಟ್ಟು ಬಾಳ್ಳುಪೇಟೆ ದಾಟಿದರೆ ಗದ್ದೆಬಯಲು ಹಿಂದೆ ಸರಿದು ಸಿಲ್ವರ್ ಓಕ್ ನೆರಳಿನ ಕಾಫಿ ತೋಟಗಳು ಎದುರಾಗುತ್ತವೆ. ಸಕಲೇಶಪುರದವರೆಗೆ ಬಿದ್ದ ಮಳೆಯೆಲ್ಲ ಹೇಮಾವತಿಯದು. ಗೊರೂರು ಅಣೆಕಟ್ಟೆ ಹಾದು, ಕಾವೇರಿಯ ಪಾಲಾಗಿ, ಬಂಗಾಳ ಕೊಲ್ಲಿಯ ಹಾದಿ ಹಿಡಿಯುವ ನೀರು ಅದು. ದೋಣಿಗಾಲ್, ಮಾರನಹಳ್ಳಿ ಕಳೆದು ಶಿರಾಡಿ ಘಾಟಿಗೆ ಇಳಿದಿರೋ, ನೀರು ಪಡುವಣಕ್ಕೆ ಮುಖ ತಿರುಗಿಸುತ್ತದೆ. ಕೆಂಪುಹೊಳೆ ಹೆದ್ದಾರಿಯ ಜೊತೆಜೊತೆಗೇ ಧುಮುಕುತ್ತ ಗುಂಡ್ಯದತ್ತ ಇಳಿಯುತ್ತದೆ. ಆ ನೀರು ಕುಮಾರಧಾರೆ, ನೇತ್ರಾವತಿ ಎಂದು ಹೆಸರು ಬದಲಿಸುತ್ತ ಮಂಗಳೂರಿನ ಕಡಲು ಮುಟ್ಟುತ್ತದೆ.

ಮಳೆಗಾಲದಲ್ಲಿ ಈ ರಸ್ತೆಯ ಮೇಲ್ಬದಿಗೆ ತಿರುವಿಗೊಂದು ಅಬ್ಬಿ. ಹೆಚ್ಚಿನವಕ್ಕೆ ಹೆಸರಿಲ್ಲ, ಬೋರ್ಡೂ ಇಲ್ಲ. ನಾನು ನಿಂತದ್ದು ಅಂಥದ್ದೊಂದರ ಎದುರು. ಕಪ್ಪು ಬಂಡೆಯ ನೆತ್ತಿಯಿಂದ ಹೊರಟ ನೀರು ನಡುವೆ ಒಂದು ಮೆಟ್ಟಿಲಿಗೆ ಬಡಿದು ಎರಡಾಗಿ, ಕೆಳಗೆ ಮತ್ತೆ ಒಂದಾಗಿ, ರಸ್ತೆಯಡಿಯ ಮೋರಿಗೆ ನುಗ್ಗುತ್ತದೆ. ಟ್ಯಾಂಕರ್ ಲಾರಿಗಳು ಹಾದಾಗ ಅಬ್ಬಿಯ ಸದ್ದು ಮುಳುಗಿ, ಅವು ತಿರುವು ಕಳೆದ ಮೇಲೆ ಮತ್ತೆ ಏಳುತ್ತದೆ. ಬಂದವರೆಲ್ಲ ಅದರ ಮುಂದೆ ಸೆಲ್ಫಿ ತೆಗೆದು ಹೊರಟುಬಿಡುತ್ತಾರೆ. ನನ್ನ ಪ್ರಕಾರ ನೋಡಬೇಕಾದದ್ದು ರಸ್ತೆಯ ಆಚೆ ಬದಿ, ಕೊರಕಲಿನಲ್ಲಿ.

ಅಲ್ಲಿ ಹೊಳೆ ಬಂಡೆಯನ್ನೇ ಕೊರೆದಿದೆ. ಒರಳಿನಂಥ ದುಂಡನೆಯ ಗುಂಡಿಗಳು. ಬಗ್ಗಿ ನೋಡಿದರೆ ತಳದಲ್ಲಿ ನಾಲ್ಕಾರು ನುಣುಪುಗಲ್ಲು. ನೆರೆ ಬಂದಾಗ ಸುಳಿಗೆ ಸಿಕ್ಕ ಈ ಕಲ್ಲುಗಳೇ ಗಿರಗಿರನೆ ತಿರುಗಿ ಗುಂಡಿಯನ್ನು ಅರೆಯುತ್ತವೆ, ತಾವೂ ಸವೆಯುತ್ತವೆ. ಅಂಚಿಗೆ ಕೈಯಿಟ್ಟರೆ ಒಳಮೈ ನುಣ್ಣಗೆ, ಹೊರಗೆಲ್ಲ ಪಾಚಿ. ಅಷ್ಟರಲ್ಲಿ ಇಂಬಳವೊಂದು ಮೀನಖಂಡ ಹುಡುಕಿಕೊಂಡು ಬಂದಿತ್ತು, ಇರಲಿ.

ಈ ಹೊಳೆ ವಿಜ್ಞಾನದ ಪುಸ್ತಕದಲ್ಲೂ ಇದೆ. ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಸಿ.ಆರ್. ನಾರಾಯಣ ರಾವ್ 1937ರಲ್ಲಿ ಇಲ್ಲಿನ ಕಪ್ಪೆಗಳನ್ನು ಲೋಕಕ್ಕೆ ಪರಿಚಯಿಸಿದರು. ಅವುಗಳಲ್ಲೊಂದು ಪುಟ್ಟ ಇರುಳುಗಪ್ಪೆ. ಅದರ ವೈಜ್ಞಾನಿಕ ಹೆಸರಿಗೆ ಕೆಂಪುಹೊಳೆಯೇ ಅಂಟಿಕೊಂಡಿದೆ. ಇನ್ನೊಂದು ಈಗ ನರ್ತನ ಕಪ್ಪೆಗಳ ಗುಂಪಿಗೆ ಸೇರಿದೆ. ಈ ಗುಂಪಿನ ಗಂಡುಗಳು ನೀರಿನ ಅಬ್ಬರದ ನಡುವೆ ಬರೀ ಕೂಗನ್ನು ನೆಚ್ಚಿಕೊಳ್ಳದೆ, ಬಂಡೆಯ ಮೇಲೆ ಕೂತು ಹಿಂಗಾಲು ಚಾಚಿ ಬೀಸುತ್ತವೆ. ಬಾವುಟ ತೋರಿಸಿ ಕರೆದಂತೆ! ರಾವ್ ಅವರ ನೆನಪಿಗೆ ಮರಗಪ್ಪೆಗಳ ಒಂದು ಕುಲಕ್ಕೇ 2010ರಲ್ಲಿ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟಿದ್ದಾರೆ. ಹೆಸರಿಲ್ಲದ ಅಬ್ಬಿಯ ನೆರೆಯಲ್ಲಿ ಹೆಸರುವಾಸಿ ಕಪ್ಪೆಗಳು.

ಜುಲೈ ತಿಂಗಳಲ್ಲಿ ಇಲ್ಲಿ ಮಂಜು, ಗುಡ್ಡ ಕುಸಿತದ ಭಯ. ನಿಲ್ಲುವ ಮಾತೇ ಬೇಡ. ಸೆಪ್ಟೆಂಬರ್ ಕೊನೆಗೆ ಬನ್ನಿ. ನೀರು ತಿಳಿಯಾಗಿದ್ದರೂ ಬಂಡೆ ಜಾರುತ್ತದೆ, ಕೊರಕಲನ್ನು ಮೇಲಿನಿಂದಲೇ ನೋಡಿ. ಗಾಡಿಯನ್ನು ತಿರುವಿನಲ್ಲಿ ಬಿಡದೆ, ರಸ್ತೆ ಅಗಲವಾಗಿರುವ ಕಡೆ ಹಾಕಿ ನಡೆದು ಬನ್ನಿ. ಅಬ್ಬಿಗೆ ತಲೆಯೊಡ್ಡುವ ಆಸೆಯಾದರೆ ಸೋಪು, ಶಾಂಪೂ ಗಾಡಿಯಲ್ಲೇ ಇರಲಿ. ಕಪ್ಪೆ ಚರ್ಮದಿಂದಲೂ ಉಸಿರಾಡುವ ಜೀವಿ.